ಗೆರೆಗಿಂತ ಎರಡು ಬೆರಳು ಕೆಳಗೆ

ಔಷಧಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೆರೆಯಮ್ಮ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ದ್ರಾವಣದ ಕ್ಯಾನುಗಳ ಮೇಲೆ ಪಾಳಿ ಶುರುವಾದಾಗ ಒಂದು ಗೆರೆ, ಮುಗಿದಾಗ ಇನ್ನೊಂದು ಗೆರೆ ಎಳೆಯುವುದು ಅವಳ ಕೆಲಸ. ಎಷ್ಟು ಖರ್ಚಾಯಿತು ಅಂತ ಆ ಎರಡು ಗೆರೆ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಒಂಬತ್ತು ವರ್ಷದಲ್ಲಿ ಒಂದು ಗೆರೆಯೂ ತಪ್ಪಿದ್ದಿಲ್ಲ. ಈ ಚಾಳಿ ಮನೆಗೂ ಬಂದಿತ್ತು. ಎಣ್ಣೆ ಬಾಟಲಿಗೆ ಗೆರೆ, ಸೋಪಿನ ಪುಡಿಯ ಡಬ್ಬಿಗೆ ಗೆರೆ. “ನನ್ನ ಹಣೆಗೂ ಒಂದು ಎಳೆದುಬಿಡು, ಆಯಸ್ಸು ಎಷ್ಟು ಇಳಿದಿದೆ ಅಂತ ನನಗೂ ಗೊತ್ತಾಗಲಿ” ಅಂತ ಅತ್ತೆ ಚುಚ್ಚುತ್ತಿದ್ದರು.

ಕಾರ್ಖಾನೆಯ ಗೇಟಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಟಾರ್ಚ್ ಹಿಡಿದು ಉಗುರು ನೋಡುತ್ತಾರೆ. ಕೊಳೆ ಇರಬಾರದು, ಬಣ್ಣವಂತೂ ಇರಲೇಬಾರದು. ಬೇಡ ಅಂದಿದ್ದರ ಮೇಲೇ ಮನಸ್ಸು ಹೋಗುವುದು ಯಾರಿಗೆ ಗೊತ್ತಿಲ್ಲ! ಅವಳಿಗೆ ಉಗುರು ಬಣ್ಣವೆಂದರೆ ಪ್ರಾಣ. ಬೀದಿಯ ಕೊನೆಯಲ್ಲಿ ಬಳೆ, ಕ್ಲಿಪ್ಪು, ಬಣ್ಣ ಮಾರುವ ಅಂಗಡಿ ಅಕ್ಕನಿಗೆ ಈ ಗುಟ್ಟು ಗೊತ್ತಿತ್ತು. ಹೊಸ ಮಾಲು ಬಂದರೆ ಒಂದೊಂದು ಬಾಟಲಿ ಇವಳ ಚೀಲಕ್ಕೆ ಹಾಕಿ, “ಕಾಲು ಚಾಚಿ ಕೂತು ಉಗುರು ಊದೋರ ಮಾತು ನಂಗೆ ಬೇಡಮ್ಮ. ಪಾತ್ರೆ ತಿಕ್ಕೋ ಕೈ ಏನು ಹೇಳುತ್ತೋ ಅದು ಬರ್ಕೊಡು” ಅನ್ನುತ್ತಿದ್ದಳು.

ಗೆರೆಯಮ್ಮ ಶನಿವಾರ ಮಧ್ಯಾಹ್ನ ಹಚ್ಚುವಳು, ಭಾನುವಾರ ಸಂಜೆ ಅಳಿಸುವಳು, ನಡುವೆ ಚೀಟಿ ಬರೆಯುವಳು. “ನೇರಳೆ: ಒಣಗಲು ಹನ್ನೊಂದು ನಿಮಿಷ. ಅಷ್ಟರಲ್ಲಿ ಮಗು ಎರಡು ಸಲ ಬಚ್ಚಲಿಗೆ ಕರೆಯುತ್ತದೆ. ತಾಯಂದಿರಿಗೆ ಆಗದು.” “ಕಂದು: ಮೂರು ಸಲ ಬಟ್ಟೆ ಒಗೆದರೂ ಜಗ್ಗಲಿಲ್ಲ. ಅಳಿಸಲು ಹೋದರೆ ರಿಮೂವರ್‌ಗೂ ಜಗ್ಗಲಿಲ್ಲ.” ಅಂಗಡಿ ಅಕ್ಕ ಆ ಚೀಟಿಗಳನ್ನು ಬಾಟಲಿಗಳ ಕೆಳಗೆ ಅಂಟಿಸಿ ಇಡುತ್ತಿದ್ದಳು. ಕೊಳ್ಳುವ ಹೆಂಗಸರು ಅವನ್ನು ಓದಿ ನಗುತ್ತಿದ್ದರಂತೆ. ಅತ್ತೆ ಮಾತ್ರ ನಗುತ್ತಿರಲಿಲ್ಲ. “ಮಗು ಹೆತ್ತ ಮೇಲೆ ಉಗುರಿಗೇನು ಮದುವೇನಾ?” ಎಂದು ಮುಖ ತಿರುಗಿಸುತ್ತಿದ್ದರು.

ಆ ವಾರ ಬಂದಿದ್ದು ಒಂದು ಗುಲಾಬಿ ಬಣ್ಣದ ರಿಮೂವರ್. ಹಣ್ಣಿನ ಪರಿಮಳ. “ಘಾಟೇ ಇಲ್ಲ, ಮಕ್ಕಳಿರೋ ಮನೆಗೆ ಹೇಳಿ ಮಾಡಿಸಿದ್ದು” ಅಂದಿದ್ದಳು ಅಂಗಡಿ ಅಕ್ಕ. ಶುಕ್ರವಾರ ಸಂಜೆ ಗೆರೆಯಮ್ಮ ತಡೆಯಲಾಗದೆ ಎಡಗೈ ಹೆಬ್ಬೆರಳಿಗೊಂದು ಕೆಂಪು ಹಚ್ಚಿ ಮರೆತುಬಿಟ್ಟಳು. ಶನಿವಾರ ಬೆಳಿಗ್ಗೆ ಆರೂಕಾಲಿಗೆ ಬಸ್ಸಿಗೆ ಹೊರಡುವಾಗ ಕಣ್ಣಿಗೆ ಬಿತ್ತು. ಓಡಿಹೋಗಿ ಬಚ್ಚಲಲ್ಲಿ ಹತ್ತಿಗೆ ರಿಮೂವರ್ ಸುರಿದು ತಿಕ್ಕುವಾಗ ಬಾಟಲಿ ಕೈಜಾರಿ ನೆಲಕ್ಕೆ ಬಿದ್ದು ಕುತ್ತಿಗೆ ಸೀಳಿತು, ಗುಲಾಬಿ ನೀರು ಜಿನುಗತೊಡಗಿತು. ಚೆಲ್ಲಲು ಮನಸ್ಸು ಬರಲಿಲ್ಲ. ಅದಿನ್ನೂ ಪರೀಕ್ಷೆಯ ಮಾಲು, ಚೀಟಿ ಬರೆದಿಲ್ಲ. ಕಿಟಕಿಯಲ್ಲಿ ಮಗಳ ಕೆಮ್ಮಿನ ಔಷಧಿಯ ಖಾಲಿ ಬಾಟಲಿ ತೊಳೆದು ಬೋರಲು ಹಾಕಿತ್ತು. ಅದಕ್ಕೆ ಸುರಿದು, ಮುಚ್ಚಳ ಬಿಗಿದು, ಅಭ್ಯಾಸಬಲದಿಂದ ಪೆನ್ನು ತೆಗೆದು ಗೆರೆ ಎಳೆದಳು. ಕನ್ನಡಿಯ ಹಿಂದಿನ ಗೂಡಿನಲ್ಲಿ, ಹೊಸ ಔಷಧಿ ಬಾಟಲಿಯ ಪಕ್ಕದಲ್ಲೇ ಇಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು. ನಾಲ್ಕು ವರ್ಷದ ಅವಳನ್ನು ಎಲ್ಲರೂ ಗುಬ್ಬಿ ಅನ್ನುವುದು.

“ಅಜ್ಜಿಗೆ ಹೇಳಬೇಡ ಪುಟ್ಟಾ, ಆಯ್ತಾ? ಅಮ್ಮಂಗೆ ಬೈತಾರೆ.”

ಗುಬ್ಬಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿತು. ಗೆರೆಯಮ್ಮ ಅದರ ನೆತ್ತಿಗೊಂದು ಮುತ್ತು ಕೊಟ್ಟು ಬಸ್ಸಿಗೆ ಓಡಿದಳು.

ಹನ್ನೊಂದು ಗಂಟೆಗೆ, ಕ್ಯಾನೊಂದರ ಮುಂದೆ ಬಗ್ಗಿ ನಿಂತಿದ್ದಾಗ, ಗೋಡೆಯ ಮೇಲಿನ ಫಲಕ ಕಣ್ಣಿಗೆ ಬಿತ್ತು. ದಿನಾ ಕಾಣುವ ಫಲಕವೇ. ಹೆಸರಿಲ್ಲದ ಬಾಟಲಿ ಮುಟ್ಟಬೇಡಿ, ಒಂದರ ಬಾಟಲಿಗೆ ಇನ್ನೊಂದು ತುಂಬಬೇಡಿ. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತಲ್ಲ! ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುವವಳೇ ಅವಳು. ಗುಬ್ಬಿಗೆ ಹನ್ನೆರಡಕ್ಕೆ ಔಷಧಿ. ಕೊಡುವವರು ಅತ್ತೆ. ಅತ್ತೆಯ ಕಣ್ಣು ಅಷ್ಟಕ್ಕಷ್ಟೇ. ಎರಡು ಬಾಟಲಿ, ಒಂದೇ ಗಾತ್ರ, ಒಳಗೆ ಒಂದೇ ಗುಲಾಬಿ.

ಕೆಲಸದ ಹೊತ್ತಿನಲ್ಲಿ ಫೋನುಗಳೆಲ್ಲ ಬೀಗದಲ್ಲಿ. ಮೇಲ್ವಿಚಾರಕಿಯ ಬಳಿ ಹೋಗಿ ನಿಂತಳು.

“ಮನೆಗೊಂದು ಫೋನ್ ಮಾಡಬೇಕಿತ್ತು ಮೇಡಂ.”

“ಏನಂತೆ?”

ಹೇಳಬಹುದಿತ್ತು. ಆದರೆ ಒಂಬತ್ತು ವರ್ಷದ ಗೆರೆಯಮ್ಮ, ಔಷಧಿ ಬಾಟಲಿಗೆ ಉಗುರು ಅಳಿಸುವ ನೀರು ತುಂಬಿಟ್ಟು ಬಂದಿದ್ದೇನೆ ಅಂತ ಯಾವ ಬಾಯಲ್ಲಿ ಹೇಳುವುದು? “ಮಗುಗೆ ಕೆಮ್ಮು” ಅಂದಳು.

“ಕೆಮ್ಮದ ಮಗು ಎಲ್ಲಿದೆ? ವಿರಾಮದಲ್ಲಿ ಮಾಡ್ಕೋ.”

ವಿರಾಮ ಬಂದದ್ದು ಹನ್ನೆರಡೂವರೆಗೆ. ಮನೆಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದಳು. ಯಾರೂ ಎತ್ತಲಿಲ್ಲ. ಗಂಡ ಲಾರಿಯಲ್ಲಿ ಯಾವ ದಾರಿಯಲ್ಲಿದ್ದಾನೋ, ಅವನಿಗೆ ಹೇಳಿ ಮಾಡುವುದೇನು. ಆಮೇಲಿನ ಒಂದೂವರೆ ಗಂಟೆ ಅವಳು ಹೇಗೆ ಕಳೆದಳೋ ದೇವರಿಗೇ ಗೊತ್ತು. ಆ ದಿನ ಎಳೆದ ಗೆರೆಗಳಲ್ಲಿ ಮೂರು ಸೊಟ್ಟಗಿದ್ದವು ಅಂತ ಜೊತೆಯವರು ಆಮೇಲೆ ಹೇಳಿದರು.

ಮನೆ ಬಾಗಿಲು ತೆಗೆದವರು ಅತ್ತೆ. ಅಷ್ಟು ಸೆಕೆಯಲ್ಲೂ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದರು. ಗೆರೆಯಮ್ಮ ಚಪ್ಪಲಿ ಸಮೇತ ಒಳಗೆ ನುಗ್ಗಿದಳು.

“ಗುಬ್ಬಿ ಎಲ್ಲಿ?”

“ಮಲಗಿದೆ. ಚಪ್ಪಲಿ...”

“ಈ ಹೊತ್ತಲ್ಲಿ ಮಲಗಿದೆಯಾ? ಔಷಧಿ ಕೊಟ್ರಾ ಅತ್ತೆ?”

“ಕೊಟ್ಟೆ.”

“ಯಾವುದರಿಂದ ಕೊಟ್ರಿ?”

“ಔಷಧಿ ಬಾಟಲಿಯಿಂದ. ಇನ್ಯಾವುದರಿಂದ ಕೊಡ್ತಾರೆ?” ಅಂದರು ಅತ್ತೆ. ಅನ್ನುವಾಗ ಕಣ್ಣು ಪಕ್ಕಕ್ಕೆ ಹೊರಳಿತು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಅವಳು ಬಚ್ಚಲಿಗೆ ಹೋಗಿ ಕನ್ನಡಿ ಸರಿಸಿದಳು. ಬೆಳಿಗ್ಗೆ ಎಳೆದ ಗೆರೆ ಇದ್ದಲ್ಲೇ ಇತ್ತು. ಗುಲಾಬಿ ನೀರು ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಮುಚ್ಚಳ ಬಿಗಿಯಾಗಿತ್ತು, ಆರಿಹೋಗಲು ದಾರಿಯಿರಲಿಲ್ಲ. ಬೇಸಿನ್ ಹಿಡಿದುಕೊಂಡು ನಿಂತಳು. ಮೂವತ್ತು ಮಿಲಿ, ಅಂತ ಹಾಳಾದ ಅಭ್ಯಾಸ ಒಳಗೆ ಲೆಕ್ಕ ಹೇಳಿತು.

ಗುಬ್ಬಿ ಮಂಚದ ಮೇಲೆ ಬಾಯಿ ತೆರೆದು ಮಲಗಿತ್ತು. ಅಲುಗಿಸಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ಅದರ ಕೈ ಮೂಸಿದಳು, ಹಣ್ಣಿನ ಪರಿಮಳ. ಲಂಗ ಮೂಸಿದಳು, ಅಲ್ಲೂ ಅದೇ.

“ಪುಟ್ಟಾ, ಏನು ಕುಡಿದೆ? ಅಮ್ಮಂಗೆ ಹೇಳು ಚಿನ್ನ. ಬಯ್ಯಲ್ಲ.”

ಗುಬ್ಬಿ ಕಣ್ಣುಜ್ಜಿಕೊಂಡು ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿತು. ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಿತು.

ಅಷ್ಟು ಸಾಕಾಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಾಟಲಿಯನ್ನು ಚೀಲಕ್ಕೆ ತುರುಕಿ ಬೀದಿಗಿಳಿದಳು. “ಕೆಮ್ಮಿಗೆ ಇಷ್ಟೊಂದು ಗಾಬರಿಯಾ? ನೆಗಡಿ ಆದ್ರೆ ಮೂಗೇ ಕೊಯ್ತೀಯೇನೋ” ಅನ್ನುತ್ತಾ ಅತ್ತೆ ಹಿಂದೆಯೇ ಓಡಿಬಂದು ಟ್ಯಾಕ್ಸಿ ಹತ್ತಿದರು. ಮುದುಕಿ ತಪ್ಪು ಬಾಟಲಿಯಿಂದ ಕೊಟ್ಟು ಈಗ ಮುಚ್ಚಿಡುತ್ತಿದ್ದಾರೆ, ಅನ್ನಿಸಿತು ಅವಳಿಗೆ. ಆದರೆ ಕೇಳಬೇಕೆಂದರೆ ಬಾಟಲಿಯ ವಿಷಯ ತಾನು ಹೇಳಬೇಕು. ಟ್ಯಾಕ್ಸಿ ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ಪ್ರತಿ ಸಲವೂ ಅವಳು ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡಿದಳು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ನರ್ಸ್ ಮಗುವನ್ನು ಎತ್ತರದ ಮಂಚದ ಮೇಲೆ ಮಲಗಿಸಿದಳು. ಗೆರೆಯಮ್ಮ ಹಿಂದೆ ನಿಂತಿದ್ದ ಅತ್ತೆಗೆ ಕೇಳಿಸದ ಹಾಗೆ ಅವಳ ಕಿವಿಯ ಬಳಿ ಹೇಳಿದಳು, “ಉಗುರು ಬಣ್ಣ ಅಳಿಸೋದು ಕುಡಿದಿದೆ ಸಿಸ್ಟರ್. ಮೂವತ್ತು ಮಿಲಿ.”

“ಇಷ್ಟು ಸರಿಯಾಗಿ ಹೇಗೆ ಗೊತ್ತು?”

“ಗೆರೆ ಎಳೆದಿದ್ದೆ.”

ನರ್ಸ್ ಅವಳನ್ನೊಮ್ಮೆ ನೋಡಿದಳು. “ಯಾವ ಬಾಟಲಿಲಿ ಇತ್ತು? ತಂದಿದೀರಾ?”

“ಅದರದ್ದೇ ಬಾಟಲಿ. ಮನೇಲಿದೆ.” ಬಾಯಿಗೆ ಬಂದದ್ದು ಬಂದೇಬಿಟ್ಟಿತು. ಚೀಲ ಅವಳ ಹೆಗಲಲ್ಲೇ ಇತ್ತು, ಬಾಟಲಿ ಪಕ್ಕೆಗೆ ಒತ್ತುತ್ತಿತ್ತು.

ಡಾಕ್ಟರು ಬಂದರು, ನಡುವಯಸ್ಸಿನ ಹೆಂಗಸು, ಅವಸರವಿಲ್ಲದ ದನಿ. ಎದೆ ಆಲಿಸಿದರು, ಕಣ್ಣು ಬಿಡಿಸಿ ನೋಡಿದರು, ಬಾಯಿ ಮೂಸಿದರು. “ಬಾಯಲ್ಲಿ ವಾಸನೆ ಇಲ್ಲ, ಆದ್ರೆ ನಿದ್ದೆ ಜಾಸ್ತಿ ಇದೆ. ಅದರಲ್ಲಿ ಏನೇನಿದೆ ಗೊತ್ತಾಗಬೇಕು. ಬಾಟಲಿ ಬೇಕಮ್ಮ. ಯಾರಾದ್ರೂ ಹೋಗಿ ತರ್ತಾರಾ? ಅಷ್ಟರಲ್ಲಿ ರಕ್ತ ತೆಗೀತೀವಿ.”

ನರ್ಸ್ ಗುಬ್ಬಿಯ ತೋಳಿಗೆ ಪಟ್ಟಿ ಕಟ್ಟಿದಳು. ಸೂಜಿ ನೋಡಿ ಮಗುವಿಗೆ ಪೂರ್ತಿ ಎಚ್ಚರವಾಯಿತು. ಅಳಲಿಲ್ಲ. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡೇ ಇತ್ತು.

ಅದನ್ನು ನೋಡುತ್ತ ನಿಲ್ಲಲು ಗೆರೆಯಮ್ಮನಿಂದ ಆಗಲಿಲ್ಲ. ಮಾನ ಹೋದರೆ ಹೋಗಲಿ, ಮಗು ಉಳಿಯಲಿ. ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದು ಡಾಕ್ಟರ ಮುಂದೆ ಹಿಡಿದಳು.

“ಸುಳ್ಳು ಹೇಳಿದೆ ಮೇಡಂ. ಇದರಲ್ಲೇ ಇತ್ತು. ಇದು ಕೆಮ್ಮಿನ ಔಷಧಿ ಬಾಟಲಿ. ನಾನೇ ತುಂಬಿಟ್ಟೆ. ನಮ್ಮತ್ತೆ ಗೊತ್ತಿಲ್ಲದೆ ಇದರಿಂದಲೇ ಮಗುಗೆ ಕೊಟ್ಟಿದಾರೆ. ತಪ್ಪು ಇವರದ್ದಲ್ಲ, ನಂದು.”

ಅತ್ತೆ ಬಾಟಲಿಯನ್ನು ನೋಡಿದರು, ಸೂಜಿಯನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಇದಕ್ಕಾ ಓಡಿಬಂದಿದ್ದು? ಬಾಯಿ ಬಿಟ್ಟು ಹೇಳಬಾರದಿತ್ತೇನೇ? ನಿಲ್ಲಿಸಿ ತಾಯಿ, ಚುಚ್ಚಬೇಡಿ. ಮಗು ಒಂದು ತೊಟ್ಟೂ ಕುಡಿದಿಲ್ಲ.”

“ಮತ್ತೆ ಎರಡು ಬೆರಳು ಎಲ್ಲಿಗೆ ಹೋಯ್ತು ಅತ್ತೆ?”

ಅತ್ತೆ ಸ್ಟೂಲಿನ ಮೇಲೆ ಕೂತು ಒಂದು ಕಾಲುಚೀಲ ಎಳೆದರು. ಒರಟು ಪಾದ, ಒಡೆದ ಹಿಮ್ಮಡಿ, ಐದು ಬೆರಳ ಉಗುರಿಗೂ ಕೆಂಪು ಬಣ್ಣ. ಬಣ್ಣ ಉಗುರು ದಾಟಿ ಚರ್ಮದ ಮೇಲೆಲ್ಲ ಹರಡಿತ್ತು. ಮಗುವೇ ಹಚ್ಚಿದ್ದು ಅಂತ ನೋಡಿದರೆ ತಿಳಿಯುತ್ತಿತ್ತು.

“ಇದು ಹಚ್ಚಲಾ ಹಚ್ಚಲಾ ಅಂತ ಪ್ರಾಣ ತಿಂತು. ಆಗಲಿ ಅಂದೆ. ಇಪ್ಪತ್ತು ಬೆರಳಿಗೂ ಹಚ್ಚಿಬಿಡ್ತು. ನೀನು ಫೋನ್ ಮಾಡಿದಾಗ ಕೈಯೆಲ್ಲ ಹಸಿ, ಎತ್ತಲಿಲ್ಲ. ನೀನು ಬರೋದ್ರೊಳಗೆ ಅಳಿಸೋಣ ಅಂತ ಕೂತೆ. ಎಷ್ಟು ಸುರಿಯಬೇಕು ಅಂತ ನನಗೇನು ಗೊತ್ತು, ಅರ್ಧ ನೆಲಕ್ಕೇ ಹೋಯ್ತು, ಇದರ ಲಂಗಕ್ಕೂ ಆಯ್ತು. ಕೈಯದ್ದು ಮುಗೀತು, ಕಾಲಿಂದು ಆಗಲಿಲ್ಲ.” ಅವರು ತಲೆ ಎತ್ತಲಿಲ್ಲ. “ನಿನಗೆ ಅಷ್ಟು ಆಡ್ಕೊಂಡು, ಈಗ ನಾನೇ... ನೀನು ನಗ್ತೀಯಲ್ಲ ಅಂತ, ಅಮ್ಮನಿಗೆ ಹೇಳಬೇಡ ಅಂತ ಇದಕ್ಕೆ ಹೇಳಿದ್ದೆ.”

ಡಾಕ್ಟರು ನರ್ಸಿಗೆ ಕೈಸನ್ನೆ ಮಾಡಿದರು. ಸೂಜಿ ತಟ್ಟೆಗೆ ಹೋಯಿತು. “ಕೆಮ್ಮಿನ ಔಷಧಿಗೆ ನಿದ್ದೆ ಬರೋದು ಸಹಜ. ಆದ್ರೂ ಎರಡು ಗಂಟೆ ಇಲ್ಲೇ ಇರಲಿ, ನೋಡ್ತೀವಿ” ಎಂದು ಪರದೆ ಸರಿಸಿ ಹೊರಗೆ ಹೋದರು.

ಗೆರೆಯಮ್ಮನಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಆ ಕೆಂಪು ಉಗುರು ನೋಡಿ ಅಳುವೂ ಬಂತು. ಮಗುವನ್ನು ಎದೆಗೆ ಅವುಚಿಕೊಂಡಳು. ಹೋದ ಜೀವ ಬಂದ ಹಾಗಾಗಿತ್ತು.

“ಅಮ್ಮ,” ಅಂತ ಗುಬ್ಬಿ ಈಗ ಬಾಯಿಂದ ಕೈ ತೆಗೆಯಿತು. “ನಾನು ಅಜ್ಜಿ ಬಣ್ಣದ್ದು ಹೇಳಲೇ ಇಲ್ಲ.”

“ಹೌದು ಕಂದ. ಜಾಣೆ.”

“ಆದ್ರೆ ನಿಂದು ಹೇಳ್ಬಿಟ್ಟೆ.”

“ನಂದಾ? ಏನು ಹೇಳಿದೆ?”

“ನೀನು ಹೇಳಬೇಡ ಅಂದಿದ್ಯಲ್ಲ, ಅದು.” ಮಗುವಿನ ತುಟಿ ನಡುಗಿತು, ಇನ್ನೇನು ಬೈಗುಳ ಬೀಳುತ್ತದೆ ಅನ್ನುವ ಹಾಗೆ ಅಮ್ಮನ ಮುಖ ನೋಡಿತು. “ಅಜ್ಜಿ ಅದನ್ನೇ ಚಮಚಕ್ಕೆ ಹಾಕಿ ಬಾಯಿ ಆ ಮಾಡು ಅಂದ್ಲು. ಆ ಮಾಡಿದೆ. ಆಮೇಲೆ, ಇದು ಔಷಧಿ ಅಲ್ಲ ಅಜ್ಜಿ, ಅಮ್ಮನ ಬಣ್ಣ ಅಳಿಸೋದು ಅಂತ ಹೇಳ್ಬಿಟ್ಟೆ. ಅಜ್ಜಿ ಚೆಲ್ಲಿ ಬೇರೆ ಬಾಟಲಿದು ಕೊಟ್ಲು. ಇನ್ನೊಂದ್ಸಲ ಹೇಳಲ್ಲ ಅಮ್ಮ.”

ಗೆರೆಯಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಕಾಲುಚೀಲವನ್ನು ಮುಷ್ಟಿಯಲ್ಲಿ ಹಿಂಡುತ್ತಾ ಹೌದೆಂದು ತಲೆಯಾಡಿಸಿದರು. ಮನೆಯಿಂದ ಇಲ್ಲಿಯವರೆಗೆ ಹೆದರಿದ್ದೆಲ್ಲ ಈಗ ಶುರುವಾದ ಹೆದರಿಕೆಯ ಮುಂದೆ ಏನೂ ಅಲ್ಲ. ಬೆಳಿಗ್ಗೆ ಅವಳಿಗೆ ಕೊಟ್ಟ ಮಾತನ್ನು ಮಗು ಉಳಿಸಿಕೊಂಡಿದ್ದರೆ ಆ ಚಮಚ ಒಳಗೆ ಹೋಗಿರುತ್ತಿತ್ತು.

ಅವಳು ಮಂಚದ ಅಂಚಿಗೆ ಕೂತಳು.

“ಹೇಳು ಪುಟ್ಟಾ,” ಅಂದಳು, “ಅಮ್ಮ ಹೇಳಬೇಡ ಅಂದ್ರೂ ಹೇಳು.”