ಹಳೇ ಡಿಸ್ಕಿನ ಮೇಲೆ ಬೇಡ

ಮೊನ್ನೆ ಹೊಸ ಮೊಬೈಲು ಕೇಳಿತು: ಹಳೆಯ ಫೋಟೊಗಳನ್ನು ಎಲ್ಲಿ ಇಳಿಸಲಿ? ಬೆರಳು ಅಲ್ಲೇ ನಿಂತಿತು. "ಫೋಟೊದ ಮ್ಯಾಲೂ ಸಂಶಯ ಏನ್ರಿ ನಿಮಗ?" ಎಂದು ಹೆಂಡತಿ ನಕ್ಕಳು. ಏನು ಮಾಡಲಿ ಹೇಳಿ, ನಾನು ಸುಮಿತ್ರಾಬಾಯಿಯವರ ಕೈಯಲ್ಲಿ ಪಳಗಿದವನು.

ತೊಂಬತ್ತರ ದಶಕದಲ್ಲಿ ಪುಣೆಯ ಶಿವಾಜಿನಗರದ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಅವರೂ ನಾನೂ ಕೆಲಸದಲ್ಲಿದ್ದೆವು. ಕೋಣೆ ತುಂಬ ಮೇನ್‌ಫ್ರೇಮ್, ಅದರ ಡಿಸ್ಕುಗಳಲ್ಲಿ ಮಕ್ಕಳ ಪರೀಕ್ಷೆಯ ಅಂಕಗಳು. ವಾರಕ್ಕೊಮ್ಮೆ ಅವನ್ನು ಟೇಪಿಗೆ ನಕಲು ಮಾಡುತ್ತಿದ್ದೆವು. ಡಿಸ್ಕು ಕೆಟ್ಟರೆ ಟೇಪಿನಿಂದ ಮರಳಿ ಇಳಿಸಬೇಕು. ಯಾವ ಡಿಸ್ಕಿಗೆ? ಬಾಗಲಕೋಟೆಯ ಈ ಸುಮಿತ್ರಾಬಾಯಿ ಕೆಟ್ಟ ಡಿಸ್ಕಿನ ಮೇಲೇ ಇಳಿಸಲು ಬಿಟ್ಟವರಲ್ಲ. ಮೊದಲು ಖಾಲಿ ಡಿಸ್ಕಿಗೆ ಇಳಿಸಿ, ನೋಡಿ, ಆಮೇಲೆ ಮುಂದಿನ ಮಾತು. "ಹೊಸಾ ಗಡಿಗಿ ಸೋರತದೋ ಇಲ್ಲೋ ನೋಡದs ಹಳೇದನ್ನ ಒಡೀತಾರೇನ್ರಿ?" ಟೇಪು, ಎಂಜಿನಿಯರು, ಕ್ಯಾಂಟೀನಿನ ಹಾಲು, ಎಲ್ಲದರ ಮೇಲೂ ಅವರಿಗೆ ಗುಮಾನಿ. ಆ ಚಾಳಿ ನನಗೂ ಅಂಟಿತು. ನಾನು ಅವರ ಮೇಲೇ ಗುಮಾನಿ ಪಡುತ್ತಿದ್ದೆ.

ಫಲಿತಾಂಶಕ್ಕೆ ಎರಡೇ ದಿನವಿದ್ದಾಗ ಅಂಕಗಳ ಡಿಸ್ಕು ಕೈಕೊಟ್ಟಿತು. ಸುಮಿತ್ರಾಬಾಯಿ ಎಂದಿನಂತೆ ಖಾಲಿ ಡಿಸ್ಕು ಹಿಡಿದರು. "ಬಾಜೂಕ ಕೂಡ್ರಿ, ಏಳಬ್ಯಾಡ್ರಿ" ಎಂದು ನನ್ನನ್ನೂ ಕೂರಿಸಿಕೊಂಡರು. ನನ್ನನ್ನು ಕಳ್ಳನ ಹಾಗೆ ಯಾಕೆ ಕಾಯಬೇಕು ಈಕೆ ಎಂದು ಒಳಗೊಳಗೇ ಕುದಿದೆ. ಟೇಪಿನ ಅಂಕಗಳು ಚೊಕ್ಕವಾಗಿ ಇಳಿದವು. ಅವರ ಮಗಳೂ ಆ ಸಲ ಪರೀಕ್ಷೆ ಬರೆದಿದ್ದಳು. ತೆರೆಯ ಮೇಲೆ ಅವಳ ಹೆಸರು, ಮುಂದೆ ಪಾಸು.

"ಆತಲ್ಲ, ಹಳೇದರ ಮ್ಯಾಲೆ ಹಾಕಿ ಮುಗಸ್ರಿ" ಎಂದರು ಮ್ಯಾನೇಜರ್ ಹಿರೇಮಠರು.

"ಬ್ಯಾಡ್ರಿ ಸರ. ಟೇಪ್ ಆದ ಮ್ಯಾಲೆ ಅಂಕ ಕೂಡೂದ್ರಾಗಿನ ತಪ್ಪು ತಿದ್ದೀವಿ. ಅವು ಹಳೇ ಡಿಸ್ಕಿನ್ಯಾಗಷ್ಟs ಅದಾವ. ಎಂಜಿನಿಯರನ್ನ ಕರಸ್ರಿ."

ಹಿರೇಮಠರ ಕಣ್ಣು ಸಣ್ಣಗಾಯಿತು. "ಮಗಳಿಗೆ ಇನ್ನೂ ಜಾಸ್ತಿ ಬರ್ತಾವೇನ್ರಿ ಬಾಯಿ?"

ಅಯ್ಯೋ, ಆ ಮಾತು! ಸುಮಿತ್ರಾಬಾಯಿ ತಾವೇ ಎಂಜಿನಿಯರಿಗೆ ಫೋನು ಹಚ್ಚಿದರು. ನಿಜ ಹೇಳಲೇ, ನನಗೂ ಹಾಗೇ ಅನ್ನಿಸಿತ್ತು.

ಮರುದಿನ ಎಂಜಿನಿಯರು ಹಳೇ ಡಿಸ್ಕನ್ನು ಎಬ್ಬಿಸಿದ. ತಿದ್ದಿದ ಅಂಕಗಳೆಲ್ಲ ಅಲ್ಲೇ ಇದ್ದವು. ಎಷ್ಟೋ ಮಕ್ಕಳಿಗೆ ಏರಿದ್ದವು. ಸುಮಿತ್ರಾಬಾಯಿಯವರ ಮಗಳಿಗೆ ಗಣಿತದಲ್ಲಿ ಇಳಿದಿದ್ದವು, ನಪಾಸು. ಹಿರೇಮಠರು ಕನ್ನಡಕ ಒರೆಸುತ್ತ ನಿಂತರು. ಬಾಯಿ ಚೀಲ ಎತ್ತಿಕೊಂಡರು. "ಲಗೂ ಹೋಗ್ತೀನ್ರಿ ಸರ. ಮನ್ಯಾಗ ಹುಡುಗಿ ಒಬ್ಬಾಕಿನs ಇರ್ತಾಳ."

ಮೊನ್ನೆ ಆ ಹೊಸ ಮೊಬೈಲು ಬದಿಗಿಟ್ಟು, ಹಳೆಯದರಿಂದಲೇ ಎಷ್ಟೋ ವರ್ಷಗಳ ಮೇಲೆ ಅವರಿಗೆ ಫೋನು ಮಾಡಿದೆ. ಈಗ ಪುಣೆಯ ಹತ್ತಿರದ ನಿಗಡಿಯಲ್ಲಿ ಆ ಮಗಳ ಜೊತೆಗೇ ಇದ್ದಾರೆ. ಅದೂ ಇದೂ ಮಾತಾಡಿ, ಕೊನೆಗೆ ಕೇಳಿಯೇಬಿಟ್ಟೆ: ಮಗಳ ಅಂಕ ಕಡಿಮೆಯಾದದ್ದು ಡಿಸ್ಕು ಕೆಟ್ಟ ದಿನವೇ ಗೊತ್ತಿತ್ತೇ?

"ಗೊತ್ತಿತ್ರಿ. ತಿದ್ದುಮುಂದ ನೋಡಿದ್ದೆ."

"ಮತ್ತೆ ನನ್ನನ್ಯಾಕ ಬಾಜೂಕ ಕೂಡಿಸಿದ್ರಿ? ನನ್ನ ಮ್ಯಾಲೆ ಅಷ್ಟು ಸಂಶಯ ಇತ್ತೇನು?"



"ನಿಮ್ಮ ಮ್ಯಾಲೆ ಅಲ್ರಿ" ಎಂದರು, "ನನ್ನ ಮ್ಯಾಲೆ."