ಅವ್ವನ ಬಳೆ ಹಿಡಿಯದ ಕೈ

ಅವ್ವನ ಚಿನ್ನದ ಬಳೆ ನನ್ನ ಹೆಬ್ಬೆರಳಿನ ಬುಡದಲ್ಲೇ ನಿಂತುಬಿಟ್ಟಿತು. ಮದುವೆಗೆ ಇನ್ನೊಂದು ವಾರವಿತ್ತು. ಧಾರೆಯ ಹೊತ್ತಿಗೆ ಆ ಜೊತೆ ಬಳೆ ನನ್ನ ಕೈಯಲ್ಲಿರಬೇಕು ಅನ್ನುವುದು ಅವ್ವ ತೀರಿಹೋದಾಗಿನಿಂದ ನನಗಿದ್ದ ಆಸೆ. ಮದುವೆಗೆ ಬಂದಿದ್ದ ನೆಂಟರು ಸೋಪು ಹಚ್ಚಿದರು, ಕೈಗೆ ಪ್ಲಾಸ್ಟಿಕ್ ಕವರು ಸುತ್ತಿ ತಳ್ಳಿದರು. ಊಹೂಂ, ಬಳೆ ಜಗ್ಗಲಿಲ್ಲ.

“ಅಯ್ಯೋ ಸಿವ್ನೇ, ಇದೇನವ್ವ, ಎಣ್ಣುಮಗೀನ ಕೈಯಾ ಇದು?” ಮಳವಳ್ಳಿಯಿಂದ ಬಂದಿದ್ದ ಚಿಕ್ಕವ್ವ ನನ್ನ ಅಂಗೈ ತಿರುವಿ ನೋಡಿದಳು. “ಬಂಡೆ ಅತ್ತೀ ಅತ್ತೀ ಇಂಗ್ ಮಾಡ್ಕಂಡವ್ಳೆ.”

ಹೌದು, ಹಾಗೇ ಮಾಡಿಕೊಂಡಿದ್ದೆ. ಹತ್ತುವುದೇ ನನ್ನ ಆಟ. ವಾರವಿಡೀ ಬೆಂಗಳೂರಿನಲ್ಲಿ ಕಲ್ಲಿನಂಥ ಹಿಡಿಕೆ ಕೂರಿಸಿದ ತರಬೇತಿ ಗೋಡೆ, ರಜೆ ಸಿಕ್ಕರೆ ರಾಮನಗರದ ಬಂಡೆ. ಈ ಆಟಕ್ಕೆ ಎತ್ತರದ ಆಳು ಬೇಕಿಲ್ಲ, ಉಬ್ಬಿದ ತೋಳೂ ಬೇಕಿಲ್ಲ. ಮೈ ಹಗುರವಿರಬೇಕು, ಬೆರಳು ಗಟ್ಟಿಯಿರಬೇಕು. ಅರ್ಧ ಗೆಣ್ಣಿನಷ್ಟು ಚಾಚಿದ ಕಲ್ಲಿನಂಚಿಗೆ ಇಡೀ ಮೈ ನೇತುಹಾಕಬೇಕು. ವರ್ಷಗಟ್ಟಲೆ ಹಾಗೆ ನೇತಾಡಿದರೆ ಗೆಣ್ಣು ದಪ್ಪಗಾಗುತ್ತದೆ, ಹೆಬ್ಬೆರಳಿನ ಬುಡ ತುಂಬಿಕೊಳ್ಳುತ್ತದೆ, ಕೈ ಮೊದಲಿನ ಹಾಗೆ ಮಡಚುವುದಿಲ್ಲ. ಊರಿನವರ ಕಣ್ಣಿಗೆ ನಾನು ಕಡ್ಡಿ. “ಮುದ್ದೆ ಉಣ್ಣಾಕಿಲ್ವೇನವ್ವ?” ಎಂದು ಕೇಳದವರಿಲ್ಲ. ಆ ಕಡ್ಡಿಯ ಕೈಗೆ ಬಳೆ ಹಿಡಿಯುತ್ತಿಲ್ಲ!

ಕಲ್ಲಿಗೆ ಸಿಕ್ಕಿಕೊಂಡರೆ ಬೆರಳೇ ಹೋದೀತೆಂದು ನಾವು ಬಳೆ, ಉಂಗುರ ಹಾಕುವುದಿಲ್ಲ. ಹಾಗಾಗಿ ಕೈ ಇಷ್ಟು ಬೆಳೆದದ್ದು ನನಗೂ ತಿಳಿದಿರಲಿಲ್ಲ. ಒಡವೆ ಮಾಡಿಸುವಾಗ ಅಪ್ಪ, ಅವಳವ್ವನ ಬಳೆ ಇದೆಯಲ್ಲ ಅಂದುಕೊಂಡು ಅಳತೆಯನ್ನೇ ಕೊಟ್ಟಿರಲಿಲ್ಲ.

“ಕತ್ತರ್ಸಿ ಒಸಿ ಚಿನ್ನ ಸೇರ್ಸಿದ್ರಾಯ್ತು ಬುಡಿ ಬಾವ,” ಎಂದಳು ಚಿಕ್ಕವ್ವ.

“ಅವ್ಳು ಆಕ್ಕಂಡಿದ್ ಬಳೆ ನಾನ್ ಕತ್ತರ್ಸಾಕಿಲ್ಲ,” ಎಂದ ಅಪ್ಪ. “ಆಗ್ನಿಲ್ಲ ಅಂದ್ರೆ ಪೆಟ್ಗೇಲಿರ್ಲಿ.”

“ಅಂಗಾದ್ರೆ ನನ್ ಕೈ ಕತ್ತರ್ಸ್ಕಳ್ಳಾ?” ಎಂದು ಕೂಗಿಬಿಟ್ಟೆ. ನೆಂಟರೆಲ್ಲ ನನ್ನ ಕಡೆ ತಿರುಗಿದರು. ಒಳಗೆ ಹೋಗಿ ಗೋಡೆಗೆ ಮುಖಮಾಡಿ ಅತ್ತೆ. ಬಂಡೆಯ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ ಇದೇ ಕೈಯನ್ನು ಅವತ್ತು ಮೊದಲ ಸಲ ಶಪಿಸಿದೆ.

ಬೆಳಿಗ್ಗೆ ಅಪ್ಪ ಗಾಡಿ ತೆಗೆದ. “ಅತ್ಕೋ. ಕತ್ತರ್ಸ್ದಂಗೆ ಏನಾರ ಮಾಡಾಕಾಯ್ತದಾ ಕೇಳ್ಕಂಡ್ ಬರಾನ.”

ನಮ್ಮ ಮನೆಯವರು ಮೊದಲಿನಿಂದಲೂ ಹೋಗುವ ಅಕ್ಕಸಾಲಿಯ ಅಂಗಡಿ ಮದ್ದೂರಿನಲ್ಲಿದೆ. ಈಗ ಅಲ್ಲಿ ಕೂರುವುದು ಅವರ ಮಗ. ಆತ ಬಳೆಯನ್ನು ದೀಪಕ್ಕೆ ಹಿಡಿದು ಒಳಮೈ ನೋಡಿದ.

“ಯಜಮಾನ್ರೇ, ಇದನ್ನ ಆಗ್ಲೇ ಒಂದ್ಸತಿ ದೊಡ್ಡದು ಮಾಡವ್ರೆ. ನೋಡಿ, ಇಲ್ಲಿ ಬೆಸುಗೆ.”

ಅಪ್ಪ ಬಳೆ ಇಸಿದುಕೊಂಡು ಬಾಗಿಲ ಬೆಳಕಿಗೆ ಹೋದ. ಒಂದು ಕಡೆ ಚೂರು ಚಿನ್ನ ಬೇರೆ ಬಣ್ಣಕ್ಕಿತ್ತು. ಬಹಳ ಹೊತ್ತು ನೋಡಿ, ಬಂದು ಬೆಂಚಿನ ಮೇಲೆ ಕುಳಿತ.

“ಇವು ನಮ್ಮವ್ವುನ್ ಬಳೆ,” ಎಂದ. “ಮದ್ವೇಲಿ ನಿಮ್ಮವ್ವುಂಗೂ ಇಡೀನಿಲ್ಲ. ಕಳೆ ಕೀಳೋ ಕೈಗೆ ಬಳೆ ಯಾಕೆ ಅಂತ ನಮ್ಮವ್ವ ಎಲ್ರೆದ್ರೂ ಅಂದ್ಬುಟ್ಲು. ಬರೀ ಗಾಜಿನ್ ಬಳೇಲೇ ಧಾರೆ ಆಯ್ತು.”

ಅವ್ವ ಮದುವೆಗೆ ಮೊದಲೂ ಆಮೇಲೂ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಗದ್ದೆಗಳಿಗೆ ಕೂಲಿಗೆ ಹೋದವಳು. ನಾಟಿ, ಕಳೆ, ಕೊಯ್ಲು. ಅವಳ ಕೈ ದೊಡ್ಡದೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅವ್ವನ ಕೈ ಅಂದರೆ ಅಷ್ಟೇ ಇರುತ್ತದೆ ಅಂದುಕೊಂಡಿದ್ದೆ.

“ಮತ್ತೆ ಇದ್ನ ಯಾವಾಗ ದೊಡ್ಡದ್ ಮಾಡಿಸ್ಕಂಡ್ಲು?” ಎಂದೆ.

“ಗೊತ್ತಿಲ್ಲ ಕಣ್ಮಗ. ಒಂದಿನ ಆಕ್ಕಂಡಿದ್ಲು. ಎಂಗ್ ಇಡೀತು ಅಂತ ನಾನ್ ಕೇಳ್ನೇ ಇಲ್ಲ.” ಅಪ್ಪ ಬೆಸುಗೆಯ ಮೇಲೆ ಬೆರಳಾಡಿಸಿದ. “ಒಂದ್ ಮಾತ್ ಕೇಳ್ನಿಲ್ಲ.”

ಅಕ್ಕಸಾಲಿ ಬೇರೆ ಕಡೆ ನೋಡುತ್ತ ಕುಳಿತಿದ್ದ. ಅಪ್ಪ ನನ್ನ ಕೈ ಎಳೆದುಕೊಂಡ. ಬೆರಳು ಬಿಡಿಸಿ, ತುದಿಯ ಜಡ್ಡನ್ನು ಒಂದೊಂದಾಗಿ ಒತ್ತಿ ನೋಡಿದ. ಚಿಕ್ಕವಳಿದ್ದಾಗ ರಸ್ತೆ ದಾಟಿಸಲು ಹಿಡಿದದ್ದು ಬಿಟ್ಟರೆ ಅವನು ನನ್ನ ಕೈ ಹಿಡಿದ ನೆನಪಿಲ್ಲ. ಆಮೇಲೆ ಅದನ್ನು ಅಕ್ಕಸಾಲಿಯ ಮುಂದೆ ಚಾಚಿದ.

“ಕತ್ತರ್ಸಿ,” ಎಂದ. “ಅಳ್ತೆ ಒಸಿ ಸಡ್ಲಾಗೇ ತಕ್ಕಳಿ. ಇವ್ಳು ಇನ್ನೂ ಬಂಡೆ ಅತ್ತೋಳು.”