ತಣ್ಣಗಿದ್ದ ಎಡ ಮಂಡಿ

ನಮ್ಮ ಕ್ಲಿನಿಕ್ಕಿನ ಮೇಜುಗಳು ಸಾಮಾನ್ಯ ಮನುಷ್ಯರಿಗೆಂದು ಮಾಡಿದವು. ಅವನು ಮಲಗಿದರೆ ಮೀನಖಂಡದಿಂದ ಕೆಳಗೆ ಕಾಲು ಗಾಳಿಯಲ್ಲಿರುತ್ತಿತ್ತು. ಮೊದಲ ದಿನವೇ ನಾನು ಹೊರಗಿನಿಂದ ಒಂದು ಕುರ್ಚಿ ಎಳೆದು ತಂದು, ಮೇಲೊಂದು ದಿಂಬು ಹಾಕಿ, ಅವನ ಹಿಮ್ಮಡಿಗಳನ್ನು ಅದರ ಮೇಲಿಟ್ಟೆ. ನಾನು ಐದಡಿ ಒಂದಂಗುಲ. ಅವನು ಏಳಡಿಗೆ ಒಂದೇ ಅಂಗುಲ ಕಡಿಮೆ. ಆ ಕಾಲನ್ನು ನಾನು ಎರಡೂ ಕೈಯಲ್ಲಿ ತಬ್ಬಿ ಎತ್ತುವುದನ್ನು ನೋಡಿ ಪಕ್ಕದ ಮೇಜಿನ ಮುದುಕಿ ನಕ್ಕುಬಿಟ್ಟಳು. ಅವನು ನಗಲಿಲ್ಲ, ಛಾವಣಿ ನೋಡುತ್ತ ಮಲಗಿದ್ದ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಇಲ್ಲಿಗೆ ಬಂದು ಮತ್ತೆ ಪರೀಕ್ಷೆ ಬರೆದು, ಶಿಕಾಗೋದ ಪಶ್ಚಿಮಕ್ಕಿರುವ ಲೊಂಬಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಕಾಲ ಅದು. ರಿಸೆಷನ್ನಿನ ಎರಡನೆಯ ಚಳಿಗಾಲ. ಕೆಲಸ ಹೋದವರ ಇನ್ಶೂರೆನ್ಸೂ ಹೋಗುತ್ತಿತ್ತು. ಇನ್ಶೂರೆನ್ಸ್ ಹೋದವರು ಅರ್ಧ ವಾಸಿಯಾದ ಭುಜ, ಅರ್ಧ ಮಡಚುವ ಬೆರಳು ಇಟ್ಟುಕೊಂಡು ಬರುವುದನ್ನೇ ನಿಲ್ಲಿಸುತ್ತಿದ್ದರು. ನಾವು ಮೂವರಿದ್ದ ಫಿಸಿಯೋಗಳು ಇಬ್ಬರಾದೆವು. ಯಾರನ್ನು ಕೇಳಿದರೂ ಅಪ್ಲೈ ಮಾಡಿದೀನಿ, ಕಾಯ್ತಿದೀನಿ ಎಂಬ ಒಂದೇ ಮಾತು.

ನನ್ನ ಗಂಡ ಮಿಶಿಗನ್ನಿನ ವಿಕ್ಸಮ್‌ನಲ್ಲಿ, ಡೆಟ್ರಾಯಿಟಿನ ಹತ್ತಿರ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಅಕ್ಟೋಬರಿನಲ್ಲಿ ಅವರ ಕೆಲಸವೂ ಹೋಯಿತು. ಮನೆಯ ಲೀಸ್ ಬೇಸಿಗೆಯವರೆಗೆ ಇತ್ತು, ಹುಡುಕುವ ಕೆಲಸವೂ ಆ ಕಡೆಯದೇ. ಅದಕ್ಕೇ ಅವರು ಅಲ್ಲೇ ಉಳಿದರು. ಶನಿವಾರ ಬಂದರೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುವುದು, ಭಾನುವಾರ ಅದೇ ದಾರಿಯಲ್ಲಿ ವಾಪಸು ಬರುವುದು. ಮಾತಾಡುವುದಕ್ಕೆ ವಿಷಯವೇ ಇರುತ್ತಿರಲಿಲ್ಲ. ಹಾಗಾಗಿ ಒಂದು ದಿನ ಫೋನಿನಲ್ಲಿ ಬಾಯಿ ತಪ್ಪಿ ಆಡಿಬಿಟ್ಟೆ.

"ಒಬ್ಬ ಪ್ಲೇಯರ್ ಬರ್ತಿದಾನೆ ಕಣ್ರೀ. ನಮ್ಮ ಮೇಜೇ ಸಾಲಲ್ಲ ಅವ್ನಿಗೆ."

ಪೇಷಂಟುಗಳ ವಿಷಯ ಹೊರಗೆ ಆಡುವಂತಿಲ್ಲ, ಅದು ಕಾನೂನು. ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ. ಆದರೆ ನನ್ನ ಗಂಡ ಮೈಸೂರಿನಲ್ಲಿ ಕಾಲೇಜು ಟೀಮಿಗೆ ಬ್ಯಾಸ್ಕೆಟ್‌ಬಾಲ್ ಆಡಿದವರು.

"ಯುರೋಪಿನವ್ನಾ?"

"ನಂಗೊತ್ತಿಲ್ಲ."

"ಎಡಗೈಯವ್ನಾ? ಎಡ ಮಂಡಿಗೆ ಮೂರು ಸರ್ಜರಿ ಆಗಿದೆಯಾ?"

ನಾನು ಸುಮ್ಮನಾದೆ. ಸುಮ್ಮನಾಗಿದ್ದೇ ತಪ್ಪಾಯಿತು.

"ಅಯ್ಯೋ, ಅವ್ನೇ ಕಣೇ!" ಎಂದರು. ಕೆಲಸ ಹೋದ ಮೇಲೆ ಅವರ ದನಿ ಅಷ್ಟು ಮೇಲೆ ಹೋದದ್ದನ್ನು ನಾನು ಕೇಳಿರಲಿಲ್ಲ.

ಆ ವಾರ ನನಗೆ ದಿನವೂ ಅವನ ಕಥೆ. ಹತ್ತೊಂಬತ್ತನೆಯ ವಯಸ್ಸಿಗೇ ಯುರೋಪಿನಲ್ಲಿ ಹೆಸರು ಮಾಡಿದವನಂತೆ. ಸೆಂಟರ್ ಎಂದರೆ ಬುಟ್ಟಿಯ ಕೆಳಗೆ ಗೋಡೆಯ ಹಾಗೆ ನಿಂತು ನೂಕಾಡುವವನು ಎಂದು ಎಲ್ಲರೂ ತಿಳಿದಿದ್ದಾಗ, ಇವನು ಅಲ್ಲಿ ನಿಂತೇ ಇಡೀ ಆಟ ನಡೆಸುತ್ತಿದ್ದನಂತೆ. ಬೆನ್ನ ಹಿಂದೆ ಯಾರು ಓಡುತ್ತಿದ್ದಾರೆ ಎಂದು ನೋಡದೆಯೇ ಚೆಂಡು ಕೊಡುತ್ತಿದ್ದನಂತೆ. ಇಪ್ಪತ್ತೆರಡಕ್ಕೆ ಅಮೆರಿಕಕ್ಕೆ ಬಂದ. ಎರಡು ಚಳಿಗಾಲ ಚೆನ್ನಾಗಿ ಆಡಿದ. ಆಮೇಲೆ ಮಂಡಿ. ಸೆಂಟರ್ ಆಡುವವನು ಮಾಗುವ ವಯಸ್ಸು ಇಪ್ಪತ್ತಾರು, ಇಪ್ಪತ್ತೇಳು. ಆ ವರ್ಷಗಳನ್ನೆಲ್ಲ ಅವನು ಸೂಟು ತೊಟ್ಟು ಬೆಂಚಿನ ತುದಿಯಲ್ಲಿ ಕೂತು ಕಳೆದ.

"ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ," ಎಂದರು ನನ್ನ ಗಂಡ. "ಇವ್ನಿಗೆ ಕಡ್ಲೆ ಮುಂದೆ ಇಟ್ಟು, ಆಮೇಲೆ ಒಂದೊಂದಾಗಿ ಹಲ್ಲು ಕಿತ್ರು."

ನನ್ನ ಕಣ್ಣಿಗೆ ಅವನು ಅದೇನೂ ಅಲ್ಲ. ಮೂವತ್ತು ವರ್ಷದ, ಕಡಿಮೆ ಮಾತಿನ, ಸ್ವಲ್ಪ ಒರಟು ಮನುಷ್ಯ. ಅವನ ಇಂಗ್ಲಿಷೂ ನನ್ನದರ ಹಾಗೆ ಕಲಿತು ತಂದದ್ದು. ಅದನ್ನು ಕನ್ನಡದಲ್ಲಿ ಬರೆಯಹೊರಟರೆ ಎಷ್ಟು ಮರ್ಯಾದೆ ಕೊಟ್ಟರೂ 'ನೀನು' ಎಂದೇ ಬರುತ್ತದೆ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಪ್ರತಿ ಸಲ ಕೇಳಬೇಕು, ಅದು ನಮ್ಮ ಪದ್ಧತಿ. ಅವನು ಪ್ರತಿ ಸಲವೂ "ಎರಡು" ಎನ್ನುತ್ತಿದ್ದ. ಮಂಡಿಯನ್ನು ನಾನು ಕೊನೆಯವರೆಗೆ ಮಡಚಿ, ಅವನ ಹಣೆಯಲ್ಲಿ ಬೆವರು ಕಂಡಾಗಲೂ ಎರಡೇ.

ಜನವರಿಯಲ್ಲಿ ಒಂದು ದಿನ ತಾನಾಗಿಯೇ ಬಾಯಿಬಿಟ್ಟ. ಅವನ ಹುಟ್ಟೂರಿನ ಕ್ಲಬ್ಬು, ಹದಿನಾರನೆಯ ವಯಸ್ಸಿನಲ್ಲಿ ಅವನು ಮೊದಲು ಆಡಿದ್ದು ಅದಕ್ಕೇ, ಒಂದು ಸೀಸನ್ನಿಗೆ ಕರೆಯುವ ಯೋಚನೆಯಲ್ಲಿತ್ತು. ಅವರ ಕಡೆಯವನೊಬ್ಬ ಅಮೆರಿಕಕ್ಕೆ ಬರುತ್ತಿದ್ದ. ಡೆಟ್ರಾಯಿಟಿನ ಹತ್ತಿರದ ಜಿಮ್ಮೊಂದರಲ್ಲಿ ಕೆಲವರನ್ನು ಆಡಿಸಿ ನೋಡುವುದೆಂದಿತ್ತು. ನನ್ನ ಗಂಡ ಇರುವುದೂ ಅದೇ ಕಡೆ ಎಂದೆ ನಾನು.

"ಒಂದೇ ಸೀಸನ್ ಸಾಕು," ಎಂದ. "ಊರಿನವರು ನನ್ನನ್ನ ಟಿವಿಯಲ್ಲಿ ಬೆಂಚ್ ಮೇಲೆ ಕೂತಿರೋದು ಮಾತ್ರ ನೋಡಿದಾರೆ. ಒಂದು ಸೀಸನ್ ಆಡಿ ತೋರಿಸಿ ಆಮೇಲೆ ಬಿಟ್ಟುಬಿಡ್ತೀನಿ."

ಅಲ್ಲಿ ಆಡಲು ಸರ್ಜನ್ ಕಾಗದ ಕೊಡಬೇಕು. ಸರ್ಜನ್ ಅವನನ್ನು ನೋಡುತ್ತಿದ್ದದ್ದು ಹತ್ತು ನಿಮಿಷ. ವಾರಕ್ಕೆ ಮೂರು ದಿನ ಮುಟ್ಟಿ ನೋಡುತ್ತಿದ್ದವಳು ನಾನು. ಫಿಸಿಯೋ ರಿಪೋರ್ಟ್ ಸರಿಯಿದ್ದರೆ ಸಹಿ ಹಾಕುತ್ತೇನೆ ಎಂದಿದ್ದರು ಅವರು. ಅವರೇ ಫೈಲಿನಲ್ಲಿ ಇನ್ನೊಂದು ಮಾತನ್ನೂ ಬರೆದಿದ್ದರು. ಇನ್ನೊಮ್ಮೆ ಹರಿದರೆ ಹೊಲಿಯಲು ಅಲ್ಲಿ ಏನೂ ಉಳಿದಿಲ್ಲ, ಆಟದ ಮಾತು ಹಾಗಿರಲಿ, ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತದೆ ಎಂದು.

ನನ್ನ ಗಂಡನಿಗೆ ಇದು ಹೇಗೋ ಗೊತ್ತಾಯಿತು. ಹೇಗೋ ಏನು, ನಾನೇ ಹೇಳಿದೆ. "ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನೋ ಹಾಗೆ ಮಾಡ್ಬೇಡ ಮಾರಾಯ್ತಿ," ಎಂದು ಛೇಡಿಸಿದರು. ಆಗ ಅವರು ತಮ್ಮ ಸ್ವಂತ ಇಂಟರ್‌ವ್ಯೂಗಳ ಬಗ್ಗೆ ಮಾತಾಡುವುದನ್ನು ಬಿಟ್ಟೇ ಬಿಟ್ಟಿದ್ದರು. ಶನಿವಾರ ನಾನು ಬಾಗಿಲು ತಟ್ಟಿದರೆ, "ಎಷ್ಟು ಡಿಗ್ರಿ ಬಗ್ತಿದೆ ಈಗ?" ಎಂದೇ ಮೊದಲ ಪ್ರಶ್ನೆ.

ನಮ್ಮ ಕೆಲಸದಲ್ಲಿ ಅಳತೆಪಟ್ಟಿಗಿಂತ ಮೊದಲು ಕೈಯ ಹಿಂಬದಿ. ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ, ಒಂದು ಮಂಡಿಯ ಮೇಲೆ ಇಟ್ಟು, ತಕ್ಷಣ ಇನ್ನೊಂದರ ಮೇಲೆ ಇಡಬೇಕು. ಬಿಸಿಯಾಗಿದ್ದರೆ ಒಳಗಿನ ಗಾಯ ಇನ್ನೂ ವಾಸಿಯಾಗಿಲ್ಲ ಎಂದರ್ಥ. ಡಿಸೆಂಬರಿನಲ್ಲಿ ಅವನ ಎಡ ಮಂಡಿ ಬಿಸಿಯಾಗಿಯೇ ಇರುತ್ತಿತ್ತು, ಟೇಪು ಸುತ್ತಿದರೆ ಬಲಕ್ಕಿಂತ ದಪ್ಪ. ಜನವರಿಯ ಕೊನೆಗೆ ಊತ ಇಳಿಯಿತು, ಬಿಸಿಯೂ ಇಳಿಯಿತು.

ನಾನು ಏನೆಂದುಕೊಂಡೆ ಗೊತ್ತೇ? ಕೈಗುಣ ಎಂದುಕೊಂಡೆ. ನಮ್ಮ ಅಜ್ಜಿ ಉಳುಕು ತೆಗೆಯುತ್ತಿದ್ದಳು. ಅಗ್ರಹಾರದ ಓಣಿಯವರೆಲ್ಲ ಕಾಲು ಎಳೆದುಕೊಂಡು ಅವಳ ಬಾಗಿಲಿಗೆ ಬಂದು, "ನಿಮ್ಮ ಕೈಗುಣ ಅಮ್ಮಾ" ಎನ್ನುತ್ತ ನಡೆದು ಹೋಗುತ್ತಿದ್ದರು. ಅದು ನನಗೂ ಬಂದಿದೆ ಎಂಬ ಜಂಬ ನನಗೆ ಒಳಗೊಳಗೇ ಇತ್ತು. ಬೇರೆ ಯಾವ ಫಿಸಿಯೋ ಆಗಿದ್ದರೂ ಮೂರು ಸರ್ಜರಿಯ ಮಂಡಿ ಎರಡು ವಾರದಲ್ಲಿ ಹೀಗಾಗುವುದು ಹೇಗೆ ಎಂದು ಅನುಮಾನಪಡುತ್ತಿದ್ದರು. ನಾನು ಅಜ್ಜಿಯನ್ನು ನೆನೆದು ಖುಷಿಪಟ್ಟೆ.

ರಿಪೋರ್ಟ್ ಕಳಿಸಬೇಕಾದ ದಿನ ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್. ಅವನು ಮಲಗಿದ, ನಾನು ಕೈಯಿಟ್ಟೆ. ಬಲ ಮಂಡಿ ಮಾಮೂಲು. ಎಡ ಮಂಡಿ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಿನ ಡಬ್ಬದ ಹಾಗೆ ಕೊರೆಯುತ್ತಿತ್ತು. ವಾಸಿಯಾದ ಮಂಡಿ ಇನ್ನೊಂದರಷ್ಟೇ ಬೆಚ್ಚಗಾಗುತ್ತದೆ, ಅದಕ್ಕಿಂತ ತಣ್ಣಗಾಗುವುದಿಲ್ಲ. ಚಳಿಯಲ್ಲಿ ನಡೆದು ಬಂದದ್ದಕ್ಕೆ ಎನ್ನೋಣವೆಂದರೆ ಚಳಿ ಎರಡೂ ಮಂಡಿಗೆ ಒಂದೇ. ಚರ್ಮದ ಮೇಲೆ ಐಸ್ ಪ್ಯಾಕಿನ ಅಂಚು ಕೆಂಪಗೆ ಚೌಕವಾಗಿ ಮೂಡಿತ್ತು. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು, ಪ್ರತಿ ಸಲ ಒಳಗೆ ಬರುವ ಮೊದಲು, ಐಸ್ ಇಟ್ಟು ಊತ ಬಿಸಿ ಎರಡನ್ನೂ ಇಳಿಸಿಕೊಂಡು ಬರುತ್ತಿದ್ದ. ಅಂದು ಹೆಚ್ಚು ಹೊತ್ತು ಇಟ್ಟುಬಿಟ್ಟಿರಬೇಕು. ಕೈಗುಣವಂತೆ ಕೈಗುಣ!

"ನೋವು ಎಷ್ಟು?" ಎಂದೆ.

"ಎರಡು."

ನನ್ನ ಕೈ ಇನ್ನೂ ಮಂಡಿಯ ಮೇಲೇ ಇತ್ತು. ತೆಗೆಯಲು ತಡವಾಯಿತು, ಅದು ಅವನಿಗೂ ಗೊತ್ತಾಯಿತು. ಅವನು ಛಾವಣಿಯನ್ನೇ ನೋಡುತ್ತ, "ನಾಳೆ ಬೆಳಿಗ್ಗೆ ಹೊರಡ್ತಿದೀನಿ," ಎಂದ. "ನಿನ್ನ ಗಂಡ ಇರೋ ಕಡೆಯೇ. ಇಬ್ಬರೂ ಬನ್ನಿ."

ಇಪ್ಪತ್ತು ನಿಮಿಷ ಸುಮ್ಮನೆ ಮಲಗಿಸಿ, ಐಸಿನ ತಣುಪು ಇಳಿದ ಮೇಲೆ ಮತ್ತೆ ಮುಟ್ಟಿದ್ದರೆ ಸಾಕಿತ್ತು. ರಿಪೋರ್ಟಿನಲ್ಲಿ ಒಂದು ಸಾಲು ಬೇರೆಯಾಗುತ್ತಿತ್ತು. ಅವನು ನನ್ನನ್ನು ಬೈಯುತ್ತಿದ್ದ, ನನ್ನ ಗಂಡ ಮುನಿಸಿಕೊಳ್ಳುತ್ತಿದ್ದರು, ಆ ಕಾಲು ಉಳಿಯುತ್ತಿತ್ತು. ಆದರೆ ಒಳ್ಳೆಯ ಕೆಲಸಕ್ಕೆ ಹೊರಟು ನಿಂತವರಿಗೆ ಅಡ್ಡಮಾತು ಆಡಬಾರದು, ಎಲ್ಲಿಗೆ ಎಂದು ಕೂಡ ಕೇಳಬಾರದು ಎಂದು ಕಲಿಸಿದ ಮನೆಯಲ್ಲಿ ಬೆಳೆದವಳು ನಾನು. ಬಾಯಿಯವರೆಗೆ ಬಂದ ಮಾತನ್ನು ನುಂಗುವುದು ನಮಗೆ ಅಭ್ಯಾಸ. ಈ ಸಬೂಬು ಅರ್ಧ ಮಾತ್ರ ನಿಜ. ಇನ್ನರ್ಧವನ್ನೂ ಹೇಳಿಬಿಡುತ್ತೇನೆ. ಆ ಚಳಿಗಾಲದಲ್ಲಿ ಯಾರಾದರೂ ಒಬ್ಬರು, ಒಬ್ಬರಾದರೂ ಸರಿ, ಕಳೆದುಹೋದ ಕೆಲಸಕ್ಕೆ ಮತ್ತೆ ಹೋಗುವುದನ್ನು ನಾನು ನೋಡಬೇಕಿತ್ತು. ಅದಕ್ಕೆ ಅವನ ಕಾಲನ್ನು ಉಪಯೋಗಿಸಿಕೊಂಡೆ.

"ಆಲ್ ದ ಬೆಸ್ಟ್," ಎಂದೆ. ಊತ ಇಲ್ಲ, ಬಿಸಿ ಇಲ್ಲ, ನೋವು ಎರಡು ಎಂದು ಬರೆದು ಕಳಿಸಿದೆ. ಒಂದಕ್ಷರವೂ ಸುಳ್ಳಲ್ಲ.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೋದೆವು. ಹೈಸ್ಕೂಲ್ ಜಿಮ್ಮಿನಂಥ ಜಾಗ, ಮರದ ಮೆಟ್ಟಿಲುಗಳ ಮೇಲೆ ಮೂವತ್ತು ಜನ ಇದ್ದರೆ ಹೆಚ್ಚು. ನನ್ನ ಗಂಡ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಇಂಟರ್‌ವ್ಯೂಗೆಂದು ಇಟ್ಟುಕೊಂಡದ್ದು ಅದು. ಅವನು ಕೋರ್ಟಿಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಅವರೊಬ್ಬರೇ.

ಬ್ಯಾಸ್ಕೆಟ್‌ಬಾಲ್ ನನಗೆ ತಿಳಿಯದು. ಆದರೆ ಅಂದು ನೋಡಿದ್ದು ತಿಳಿಯಿತು. ಬೇರೆಯವರೆಲ್ಲ ಓಡಿ ಓಡಿ ಏದುಸಿರು ಬಿಡುತ್ತಿದ್ದರು, ಅವನು ಹೆಚ್ಚುಕಮ್ಮಿ ನಡೆಯುತ್ತಲೇ ಇದ್ದ. ಚೆಂಡು ಆ ದೊಡ್ಡ ಕೈಗೆ ಬಂದು ಒಂದು ಗಳಿಗೆ ನಿಲ್ಲುತ್ತಿತ್ತು. ಎಲ್ಲರೂ ಎಡಕ್ಕೆ ವಾಲುವಂತೆ ಭುಜವನ್ನು ಇಷ್ಟೇ ಇಷ್ಟು ತಿರುಗಿಸಿ, ಬಲಕ್ಕೆ, ನೋಡದೆಯೇ ಕೊಟ್ಟುಬಿಡುತ್ತಿದ್ದ. ಅವನಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಬೆನ್ನಿಗೆ ಅಂಟಿಕೊಂಡಿದ್ದಾಗ ಎಡಗೈಯಿಂದ ತಲೆಯ ಮೇಲಿಂದ ಹಾಗೇ ತೇಲಿಸಿದ, ಚೆಂಡು ಸದ್ದಿಲ್ಲದೆ ಬಲೆಯೊಳಗೆ ಇಳಿಯಿತು. ನನ್ನ ಗಂಡ ನನ್ನ ಭುಜಕ್ಕೆ ಗುದ್ದಿ, "ನೋಡ್ದ್ಯಾ! ನೋಡ್ದ್ಯೇನೇ!" ಎಂದು ನಗುತ್ತಿದ್ದರು. ಕ್ಲಬ್ಬಿನವನು ನೋಟ್‌ಪುಸ್ತಕ ಮುಚ್ಚಿಟ್ಟು ಬರೀ ನೋಡುತ್ತಿದ್ದ. ಅಷ್ಟು ಹೊತ್ತು ಆ ಮಂಡಿಯನ್ನು ನಾನೂ ಮರೆತಿದ್ದೆ.

ಯಾರೂ ಅವನನ್ನು ತಳ್ಳಲಿಲ್ಲ. ಚೆಂಡು ಹಿಡಿಯಲು ಸ್ವಲ್ಪ ಜಿಗಿದ, ಕೆಳಗಿಳಿದ, ಎಡ ಕಾಲು ಅವನನ್ನು ತಡೆಯಲಿಲ್ಲ. ಅವನು ಕೂಗಲೂ ಇಲ್ಲ. ನೆಲದ ಮೇಲೆ ಕೂತು ಎರಡೂ ಕೈಯಿಂದ ಮಂಡಿಯನ್ನು ಮುಚ್ಚಿಕೊಂಡ.

ನಾನು ಮೆಟ್ಟಿಲಿಳಿದು ಓಡಿದೆ. ಅಲ್ಲಿನ ಟ್ರೇನರ್ ನನಗಿಂತ ಮೊದಲು ತಲುಪಿದ್ದ. ನಾನು ಪಕ್ಕದಲ್ಲಿ ಕೂತು, ಅಭ್ಯಾಸಬಲದಿಂದ, "ಎಷ್ಟು?" ಎಂದೆ.

"ಹತ್ತು," ಎಂದ. ಆಮೇಲೆ ನನ್ನ ಮುಖ ನೋಡಿ, "ನೀನು ಸರ್ಜನ್ನಿಗೆ ಹೇಳಿಬಿಡ್ತೀಯ ಅಂದ್ಕೊಂಡಿದ್ದೆ. ಹೇಳಲಿಲ್ಲ. ಥ್ಯಾಂಕ್ಸ್," ಎಂದ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಮನಸಾರೆ ಹೇಳಿದ. ನಾಲ್ಕು ಜನ ಅವನನ್ನು ಎತ್ತಿಕೊಂಡು ಹೋದರು. ಮತ್ತೆ ಅವನು ಆಡಲಿಲ್ಲ, ಸರ್ಜನ್ ಬರೆದದ್ದೆಲ್ಲ ಬರೆದಂತೆಯೇ ಆಯಿತು. ನಮ್ಮ ಕ್ಲಿನಿಕ್ಕಿಗೂ ಬರಲಿಲ್ಲ.

ವಾಪಸು ಬರುವಾಗ ನನ್ನ ಗಂಡ ಡ್ರೈವ್ ಮಾಡುತ್ತಿದ್ದರು. ಹೈವೇ ಸೇರಿದ ಮೇಲೆ ಕೇಳಿದರು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಬೋದಿತ್ತಲ್ಲ ಅವ್ನಿಗೆ."

"ಅಷ್ಟು ಆಸೆ ಇಟ್ಕೊಂಡಿದ್ದ. ಬಾಯಿ ಬರ್ಲಿಲ್ಲ ರೀ."

ಅವರು ತಲೆಯಾಡಿಸಿದರು, ಸಿಟ್ಟಾದ ಹಾಗೆ ಕಾಣಲಿಲ್ಲ. ಶರ್ಟಿನ ತೋಳುಗಳನ್ನು ಒಂದೊಂದಾಗಿ ಮೊಣಕೈಯವರೆಗೆ ಮಡಚಿಕೊಂಡು, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದರು.

"ನಂಗೂ ಹಾಗೇನಾ? ಕೆಲ್ಸ ಸಿಗತ್ತೆ ಸಿಗತ್ತೆ ಅಂತ ದಿನಾ ಹೇಳ್ತೀಯಲ್ಲ. ಅದೂ ನಿಜ ಹೇಳೋಕೆ ಬಾಯಿ ಬರ್ದೇ ಹೇಳೋದಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಇನ್ನು ಮೇಲೆ ನಾನು ಏನು ಹೇಳಿದರೂ ಅವರು ನಂಬುವುದಿಲ್ಲ ಎಂದು ಅದೇ ಗಳಿಗೆಯಲ್ಲಿ ಗೊತ್ತಾಯಿತು.